ಮೊಬೈಲ್ ಕೊಳ್ಳುವ ಮುನ್ನ: ನೋಕಿಯಾ ಎನ್-95 ಕಲಿಸುವ ಪಾಠ



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಕೊಂಬಿಗೆ ಬಳಿದ ಬಣ್ಣ, ಕೊರಳಿಗೆ ಕಟ್ಟಿದ ಗೆಜ್ಜೆ ನೋಡಿ ಹಣ ಎಣಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತೀರಿ. ಸುಳಿ ನೋಡುತ್ತೀರಿ. ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತೀರಿ. ಮಾರುವವನು ಒಪ್ಪಿದರೆ ಹೆಗಲಿಗೆ ನೊಗವಿಟ್ಟು ಒಂದು ಸುತ್ತು ಹೊಡೆದೂ ನೋಡುತ್ತೀರಿ.

ಅದೇ ನೀವು ಪೇಟೆಗೆ ಹೋಗಿ ಮೊಬೈಲ್ ಕೊಳ್ಳುವಾಗ ಈ ಬುದ್ಧಿ ಎಲ್ಲಿ ಹೋಗುತ್ತದೆ? ಅಂಗಡಿಯವನು “ಕ್ಯಾಮೆರಾ ಇಷ್ಟು, ಮೆಮೊರಿ ಅಷ್ಟು” ಎಂದು ಒಂದು ಪಟ್ಟಿ ಓದುತ್ತಾನೆ. ಪಟ್ಟಿ ಉದ್ದವಾದಷ್ಟೂ ಫೋನು ಒಳ್ಳೆಯದೆಂದು ತಿಳಿದು, ಬೆಳೆ ಮಾರಿದ ಹಣದಲ್ಲಿ ಹತ್ತು ಹನ್ನೆರಡು ಸಾವಿರ ಕೊಟ್ಟು ಬರುತ್ತೀರಿ. ಪಟ್ಟಿಯಲ್ಲಿರುವುದೆಲ್ಲ ಹೊಲದ ಬದುವಿನ ಮೇಲೆ ನಿಂತಾಗ ಕೆಲಸಕ್ಕೆ ಬರುತ್ತದೆಯೇ ಎಂದು ಕೇಳುವವರು ಕಡಿಮೆ.

ಈ ವಾರ ಒಂದು ಹಳೆಯ ಫೋನಿನ ವಿಚಾರ ತಿಳಿಯೋಣ. ಅದರ ಹೆಸರು ನೋಕಿಯಾ ಎನ್-95. ತನ್ನ ಕಾಲದಲ್ಲಿ ಅದರಷ್ಟು ಉದ್ದದ ಪಟ್ಟಿ ಇದ್ದ ಫೋನುಗಳು ಬಹಳ ಕಡಿಮೆ. ಹಳೆಯದನ್ನು ಈಗ ಏಕೆ ಕೆದಕಬೇಕು ಎಂದು ನೀವು ಕೇಳಬಹುದು. ಹೊಸ ಫೋನಿನ ಗುಣದೋಷ ನಿಲ್ಲಿಸಿ ನೋಡಲು ಜಾಹೀರಾತು ಬಿಡುವುದಿಲ್ಲ. ಹಳೆಯದರ ಜಾಹೀರಾತು ಎಂದೋ ನಿಂತಿದೆ. ಗುಣ ಯಾವುದು, ದೋಷ ಯಾವುದು ಎಂದು ಈಗ ತೂಗಿ ನೋಡಬಹುದು.

ಯಾರು ಮಾಡಿದ್ದು?

ನೋಕಿಯಾ ಫಿನ್‌ಲೆಂಡ್ ದೇಶದ ಕಂಪನಿ. 1865ರಲ್ಲಿ ಮರದ ತಿರುಳು ಅರೆಯುವ ಗಿರಣಿಯಾಗಿ ಅದು ಆರಂಭವಾಯಿತು. ಮುಂದೆ 1967ರಲ್ಲಿ ಈ ಕಂಪನಿ, ರಬ್ಬರ್ ಬೂಟು ತಯಾರಿಸುತ್ತಿದ್ದ ಒಂದು ಕಾರ್ಖಾನೆ ಮತ್ತು ಒಂದು ಕೇಬಲ್ ಕಾರ್ಖಾನೆ ಒಟ್ಟುಗೂಡಿದವು. ಕೆಸರಿನಲ್ಲಿ ಮೆಟ್ಟುವ ಬೂಟು ಮಾಡುತ್ತಿದ್ದ ಹೆಸರೇ ಮುಂದೆ ಮೊಬೈಲ್ ಎಂದರೆ ನೋಕಿಯಾ ಎನ್ನುವಷ್ಟು ಬೆಳೆಯಿತು. 2007ರ ಕೊನೆಗೆ ಜಗತ್ತಿನಲ್ಲಿ ಮಾರಾಟವಾಗುತ್ತಿದ್ದ 10 ಮೊಬೈಲುಗಳಲ್ಲಿ ಸುಮಾರು 4 ಈ ಕಂಪನಿಯವೇ ಆಗಿದ್ದವು.

ಎನ್-95 ಫೋನನ್ನು 2006ರ ಸೆಪ್ಟೆಂಬರಿನಲ್ಲಿ ಜಗತ್ತಿಗೆ ತೋರಿಸಲಾಯಿತು. 2007ರ ಮಾರ್ಚಿನಲ್ಲಿ ಮಾರಾಟ ಆರಂಭವಾಯಿತು. ಕಂಪನಿ ಆಗ ಹೇಳಿದ ಬೆಲೆ, ತೆರಿಗೆ ಬಿಟ್ಟು, ಸುಮಾರು 550 ಯೂರೊ. ಅಂದಿನ ವಿನಿಮಯದ ಲೆಕ್ಕದಲ್ಲಿ 30 ಸಾವಿರ ರೂಪಾಯಿ ದಾಟುತ್ತದೆ.

ಪಟ್ಟಿಯಲ್ಲಿ ಏನೇನಿತ್ತು?

ಫೋನಿನ ತೂಕ 120 ಗ್ರಾಂ. ದಪ್ಪ ಸುಮಾರು 2 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿದರೆ ಒಂದು ಸಣ್ಣ ಸೋಪಿನ ಬಿಲ್ಲೆಯಂತೆ. ಪರದೆ 2.6 ಅಂಗುಲ. ಮುಖವನ್ನು ಮೇಲಕ್ಕೆ ಸರಿಸಿದರೆ ಅಂಕಿಗಳ ಗುಂಡಿಗಳು ಕಾಣುತ್ತಿದ್ದವು. ಕೆಳಕ್ಕೆ ಸರಿಸಿದರೆ ಹಾಡು ನುಡಿಸುವ, ನಿಲ್ಲಿಸುವ ಗುಂಡಿಗಳು ಹೊರಬಂದು, ಪರದೆಯ ಚಿತ್ರ ತಾನಾಗಿ ಅಡ್ಡಕ್ಕೆ ತಿರುಗುತ್ತಿತ್ತು.

ಹಿಂಬದಿಯಲ್ಲಿ 5 ಮೆಗಾಪಿಕ್ಸೆಲ್ ಕ್ಯಾಮೆರಾ. ಈ ಮಾತು ಅಂಗಡಿಗಳಲ್ಲಿ ದಿನವೂ ಕೇಳಿಬರುತ್ತದೆ, ಅರ್ಥ ತಿಳಿದಿರಲಿ. ಫೋಟೋ ಎಂಬುದು ಸಣ್ಣ ಸಣ್ಣ ಚುಕ್ಕೆಗಳಿಂದಾದ ರಂಗೋಲಿ. 10 ಲಕ್ಷ ಚುಕ್ಕೆಗೆ ಒಂದು ಮೆಗಾಪಿಕ್ಸೆಲ್. ಎನ್-95 ತೆಗೆದ ಚಿತ್ರದಲ್ಲಿ 50 ಲಕ್ಷ ಚುಕ್ಕೆಗಳಿರುತ್ತಿದ್ದವು. ಮಸೂರ ಜರ್ಮನಿಯ ಹೆಸರಾಂತ ಕಾರ್ಲ್ ಝೈಸ್ ಸಂಸ್ಥೆಯ ಹೆಸರಿನದು. ಹತ್ತಿರದ ವಸ್ತು, ದೂರದ ವಸ್ತು ಎರಡಕ್ಕೂ ದೃಷ್ಟಿಯನ್ನು ತಾನೇ ಹೊಂದಿಸಿಕೊಳ್ಳುವ ಏರ್ಪಾಡು ಅದರಲ್ಲಿತ್ತು. ಎಲೆಯ ಮೇಲಿನ ಚುಕ್ಕೆ ರೋಗ ಸ್ಪಷ್ಟವಾಗಿ ಕಾಣುವಂತೆ ತೆಗೆಯಲು ಬೇಕಾದದ್ದು ಈ ಗುಣವೇ.

ಇವಲ್ಲದೆ ಚಲಿಸುವ ಚಿತ್ರ ತೆಗೆಯಬಹುದಿತ್ತು. ನಿಂತ ಜಾಗವನ್ನು ಉಪಗ್ರಹದ ಸಹಾಯದಿಂದ ತಿಳಿಸುವ ಜಿಪಿಎಸ್ ಇತ್ತು. ವೈಫೈ, ಬ್ಲೂಟೂತ್, 3ಜಿ ಅಂತರ್ಜಾಲ, ಎಫ್‌ಎಂ ರೇಡಿಯೊ ಇದ್ದವು. ಸಾಧಾರಣ ಇಯರ್‌ಫೋನ್ ಸಿಕ್ಕಿಸುವ ತೂತು, ಮೆಮೊರಿ ಕಾರ್ಡಿನ ಗೂಡು, ಟಿವಿಗೆ ಜೋಡಿಸುವ ತಂತಿ ಇದ್ದವು. ಮುಖ ನೋಡಿಕೊಂಡು ಮಾತಾಡಲು ಮುಂದೊಂದು ಕ್ಯಾಮೆರಾ ಕೂಡ ಇತ್ತು. ಅಲ್ಲಿಯವರೆಗೆ ಕ್ಯಾಮೆರಾ ಬೇರೆ, ರೇಡಿಯೊ ಬೇರೆ, ದಾರಿ ತೋರಿಸುವ ಯಂತ್ರ ಬೇರೆ ಎಂದಿದ್ದುದೆಲ್ಲ ಒಂದೇ ಜೇಬಿಗೆ ಬಂದಿತು. ಬಹುಮಾಧ್ಯಮ ಫೋನು ಎಂದು ಇಂಥವನ್ನು ಕರೆದರು.

ಕೈಯಲ್ಲಿ ಹಿಡಿದಾಗ

ಪಟ್ಟಿ ಓದಿದ್ದಾಯಿತು. ಇನ್ನು ನೊಗ ಹೊರಿಸಿ ನೋಡೋಣ.

ಮೊದಲನೆಯದು ಬ್ಯಾಟರಿ. ಇದರ ಬ್ಯಾಟರಿ 950 ಎಂಎಎಚ್ ಅಳತೆಯದು. ಎಂಎಎಚ್ ಎಂದರೆ ತೊಟ್ಟಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬಂತೆ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎನ್ನುವ ಅಳತೆ. ಇಷ್ಟು ಕೆಲಸ ಇಲ್ಲದ ಎನ್-73 ಎಂಬ ಫೋನಿಗೆ ಇದೇ ಕಂಪನಿ 1100 ಎಂಎಎಚ್ ಬ್ಯಾಟರಿ ಕೊಟ್ಟಿತ್ತು. ಹೆಚ್ಚು ಕೆಲಸ ಮಾಡುವ ಎನ್-95ಕ್ಕೆ ಸಣ್ಣ ತೊಟ್ಟಿ. ಅದರಿಂದ ಕ್ಯಾಮೆರಾಕ್ಕೊಂದು, ಜಿಪಿಎಸ್‌ಗೊಂದು, ಅಂತರ್ಜಾಲಕ್ಕೊಂದು ಕಾಲುವೆ. ಎಲ್ಲ ಕಾಲುವೆ ತೆರೆದರೆ ಸಂಜೆಯೊಳಗೆ ತೊಟ್ಟಿ ಬರಿದು. 2007ರ ಕೊನೆಯ ತಿಂಗಳುಗಳಲ್ಲಿ ಬಂದ 8 ಜಿಬಿಯ ಮಾದರಿಗೆ ಕಂಪನಿಯೇ 1200 ಎಂಎಎಚ್ ಬ್ಯಾಟರಿ ಹಾಕಿತು. ಒಂದು ಅನುಕೂಲವಿತ್ತು: ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿಯನ್ನು ನೀವೇ ಬದಲಿಸಬಹುದಿತ್ತು. ಒಂದು ಅನನುಕೂಲವೂ ಇತ್ತು: ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ತಂತಿಯಿಂದ ಅದು ಚಾರ್ಜ್ ಆಗುತ್ತಿರಲಿಲ್ಲ, ಸಣ್ಣ ಮೂತಿಯ ಬೇರೆ ಚಾರ್ಜರ್ ಜೊತೆಯಲ್ಲಿರಲೇಬೇಕಿತ್ತು.

ಎರಡನೆಯದು ಜಿಪಿಎಸ್. ಭೂಮಿಯನ್ನು ಸುತ್ತುವ ಉಪಗ್ರಹಗಳು ಕಳಿಸುವ ಸಂಕೇತ ಹಿಡಿದು, ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಲೆಕ್ಕ ಹಾಕಿ, ನೀವು ನಿಂತ ಜಾಗವನ್ನು ಫೋನು ತಿಳಿಸುತ್ತದೆ. ಎನ್-95ರಲ್ಲಿ ಈ ಸಂಕೇತ ಹಿಡಿಯುವ ಆಂಟೆನಾ ಅಂಕಿ ಗುಂಡಿಗಳ ಕೆಳಗಿತ್ತು. ಆದ್ದರಿಂದ ಮುಖವನ್ನು ಮೇಲಕ್ಕೆ ಸರಿಸಿ, ಫೋನನ್ನು ಓರೆಯಾಗಿ ಆಕಾಶಕ್ಕೆ ಹಿಡಿದು ನಿಲ್ಲಬೇಕಿತ್ತು. ಹಲವು ನಿಮಿಷ ಕಾಯಬೇಕಾಗುತ್ತಿತ್ತು. ಇದು ಗೊತ್ತಿಲ್ಲದವರು ಜೇಬಿನಲ್ಲಿಟ್ಟುಕೊಂಡೇ “ಜಿಪಿಎಸ್ ಕೆಟ್ಟಿದೆ” ಎನ್ನುವಂತಾಗುತ್ತಿತ್ತು. 2007ರಲ್ಲೇ ಬಂದ ಹೊಸ ತಂತ್ರಾಂಶ ಮೊಬೈಲ್ ಜಾಲದ ನೆರವು ಪಡೆದು ಈ ಕಾಯುವಿಕೆಯನ್ನು ಕಡಿಮೆ ಮಾಡಿತು. ಆದರೆ ಆರಂಭದಲ್ಲಿ ಹೊಸ ತಂತ್ರಾಂಶ ಹಾಕಿದರೆ ಫೋನಿನೊಳಗಿನ ಹೆಸರು, ನಂಬರು, ಸಂದೇಶ ಎಲ್ಲ ಅಳಿದುಹೋಗುತ್ತಿದ್ದವು. ಮೊದಲೇ ಬೇರೆ ಕಡೆ ತೆಗೆದಿಡದವರಿಗೆ ನಷ್ಟ.

ಮೂರನೆಯದು ರಸ್ತೆ. ಟ್ರ್ಯಾಕ್ಟರ್ ಎಷ್ಟು ಒಳ್ಳೆಯದಿದ್ದರೂ ಹೊಲಕ್ಕೆ ದಾರಿ ಇಲ್ಲದಿದ್ದರೆ ಏನು ಮಾಡುವುದು? ಈ ಫೋನಿನಲ್ಲಿ 3ಜಿ ಇತ್ತು. 2007ರ ನಮ್ಮ ದೇಶದಲ್ಲಿ 3ಜಿ ಜಾಲವೇ ಇರಲಿಲ್ಲ. 2008ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಎಂಟಿಎನ್‌ಎಲ್ ಮೊದಲು ಮಾಡಿತು. 2009ರಲ್ಲಿ ಬಿಎಸ್‌ಎನ್‌ಎಲ್ ಬಂತು. ಖಾಸಗಿ ಕಂಪನಿಗಳಿಗೆ ತರಂಗಾಂತರ ಸಿಕ್ಕಿದ್ದು 2010ರ ಹರಾಜಿನಲ್ಲಿ. 2007ರಲ್ಲೇ ಹಣ ಕೊಟ್ಟು ಕೊಂಡವರು ಆ ಒಂದು ಸೌಕರ್ಯಕ್ಕಾಗಿ ವರ್ಷಗಟ್ಟಲೆ ಕಾದರು.

ನಾಲ್ಕನೆಯದು ರೇಡಿಯೊ. ಇಯರ್‌ಫೋನಿನ ತಂತಿಯೇ ಇದಕ್ಕೆ ಆಂಟೆನಾ. ತಂತಿ ಸಿಕ್ಕಿಸದೆ ರೇಡಿಯೊ ಬರುತ್ತಿರಲಿಲ್ಲ. ಬರುತ್ತಿದ್ದುದೂ ಎಫ್‌ಎಂ ಮಾತ್ರ. ನಮ್ಮ ಹಳ್ಳಿಗಳಲ್ಲಿ ರೈತರು ಕೃಷಿ ಕಾರ್ಯಕ್ರಮ ಕೇಳುತ್ತಿದ್ದ ಬೆಂಗಳೂರು, ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ ಇದರಲ್ಲಿ ಸಿಗುತ್ತಿರಲಿಲ್ಲ. ಪಟ್ಟಿಯಲ್ಲಿ “ರೇಡಿಯೊ ಇದೆ” ಎಂದು ಬರೆದಿತ್ತು. ಯಾವ ರೇಡಿಯೊ ಎಂದು ಕೇಳಬೇಕಾದವರು ನಾವು.

ಐದನೆಯದು ನಡೆಸುವ ಬಗೆ. ಸಿಂಬಿಯನ್ ಎಂಬ ತಂತ್ರಾಂಶದ ಮೇಲೆ ಇದು ನಡೆಯುತ್ತಿತ್ತು. ಪರದೆ ಮುಟ್ಟಿದರೆ ಏನೂ ಆಗದು, ಎಲ್ಲವೂ ಗುಂಡಿಗಳಿಂದಲೇ. ಒಂದು ಕೆಲಸಕ್ಕೆ ಒಂದು ಪಟ್ಟಿಯೊಳಗೆ ಹೊಕ್ಕು, ಅದರೊಳಗಿನ ಇನ್ನೊಂದು ಪಟ್ಟಿ ಹುಡುಕಿ ಹೋಗಬೇಕು. ಮನೆ ದೊಡ್ಡದು, ಆದರೆ ನಡುಮನೆ ದಾಟಿ, ಅಡಿಗೆಮನೆ ದಾಟಿ ಹಿತ್ತಲಿಗೆ ಹೋಗಿ ದೀಪದ ಸ್ವಿಚ್ಚು ಹಾಕಿ ಬರುವ ಹಾಗೆ. ಕಾರ್ಯಸ್ಮೃತಿ 64 ಎಂಬಿ ಮಾತ್ರ ಇದ್ದುದರಿಂದ ಮೂರು ನಾಲ್ಕು ಕೆಲಸ ಒಟ್ಟಿಗೆ ತೆರೆದರೆ ಒಂದೊಂದು ತಾನಾಗಿ ಮುಚ್ಚಿಕೊಳ್ಳುವುದೂ ಉಂಟು.

ಅದೇ ಮನೆಯ ಇನ್ನೊಂದು ಫೋನು

ಇದೇ ನೋಕಿಯಾ 2003ರಲ್ಲಿ 1100 ಎಂಬ ಫೋನು ಹೊರತಂದಿತ್ತು. ನಿಮ್ಮಲ್ಲಿ ಬಹಳ ಜನ ಅದನ್ನು ಹಿಡಿದಿದ್ದೀರಿ. ಅದರಲ್ಲಿ ಕ್ಯಾಮೆರಾ ಇಲ್ಲ, ಬಣ್ಣದ ಪರದೆ ಇಲ್ಲ, ಅಂತರ್ಜಾಲ ಇಲ್ಲ. ಇದ್ದುದು ಮಾತು, ಸಂದೇಶ ಮತ್ತು ತಲೆಯಲ್ಲೊಂದು ಬ್ಯಾಟರಿ ದೀಪ. ಗುಂಡಿಗಳ ಸಂದಿನಲ್ಲಿ ಧೂಳು ಹೋಗದಂತೆ ಒಂದೇ ಹಾಳೆಯ ಹೊದಿಕೆ ಹಾಕಿದ್ದರು. ಒಮ್ಮೆ ಚಾರ್ಜ್ ಮಾಡಿದರೆ, ಮಾತಾಡದೆ ಇಟ್ಟಲ್ಲಿ, 400 ಗಂಟೆಯವರೆಗೆ ಉಳಿಯುತ್ತದೆ ಎಂದು ಕಂಪನಿ ಹೇಳುತ್ತಿತ್ತು.

ರಾತ್ರಿ ಕರೆಂಟು ಬಂದಾಗ ಪಂಪು ಹಾಕಲು ಹೊರಟವನಿಗೆ ಹಾವು ಚೇಳು ತುಳಿಯದಂತೆ ದಾರಿ ತೋರಿಸಿದ್ದು ಆ ದೀಪವೇ. ಈ ಫೋನು ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಪಟ್ಟಿ ಗಿಡ್ಡ, ಆದರೆ ಪಟ್ಟಿಯಲ್ಲಿ ಇದ್ದ ಪ್ರತಿಯೊಂದೂ ಹೊಲದಲ್ಲಿ ನಡೆಯುತ್ತಿತ್ತು. 2009ರಲ್ಲಿ ನೋಕಿಯಾ ನಮ್ಮ ದೇಶದಲ್ಲಿ ಲೈಫ್ ಟೂಲ್ಸ್ ಎಂಬ ಸೇವೆ ಆರಂಭಿಸಿ ಮಾರುಕಟ್ಟೆ ಧಾರಣೆ, ಹವಾಮಾನ, ಬೇಸಾಯದ ಸಲಹೆ ಕಳಿಸಿತು. ಅದಕ್ಕೂ ಆರಿಸಿಕೊಂಡದ್ದು ಕಡಿಮೆ ಬೆಲೆಯ ಸಾದಾ ಫೋನುಗಳನ್ನೇ. ಮಾಹಿತಿ ಬರುತ್ತಿದ್ದುದು ಸಂದೇಶದ ದಾರಿಯಲ್ಲಿ. ಆ ಸೇವೆ ಈಗಿಲ್ಲ.

ಪಟ್ಟಿ ಗಿಡ್ಡವಿದ್ದೂ ಗೆದ್ದದ್ದು

ಎನ್-95 ಬಂದ ವರ್ಷವೇ, 2007ರ ಜೂನಿನಲ್ಲಿ, ಅಮೆರಿಕದಲ್ಲಿ ಆಪಲ್ ಕಂಪನಿಯ ಮೊದಲ ಐಫೋನ್ ಮಾರಾಟಕ್ಕೆ ಬಂತು. ಎರಡರ ಪಟ್ಟಿ ಪಕ್ಕಪಕ್ಕ ಇಟ್ಟರೆ ಎನ್-95 ಬಹಳ ಮುಂದಿತ್ತು. ಐಫೋನಿನ ಕ್ಯಾಮೆರಾ 2 ಮೆಗಾಪಿಕ್ಸೆಲ್. ಅದರಲ್ಲಿ ಜಿಪಿಎಸ್ ಇಲ್ಲ, 3ಜಿ ಇಲ್ಲ, ಚಲಿಸುವ ಚಿತ್ರ ತೆಗೆಯುವುದಿಲ್ಲ, ಬ್ಯಾಟರಿ ಬದಲಿಸುವಂತಿಲ್ಲ.

ಆದರೆ ಅದರ ಪರದೆ 3.5 ಅಂಗುಲ. ಬೆರಳಿನಿಂದ ಮುಟ್ಟಿದರೆ ಕೆಲಸ ನಡೆಯುತ್ತದೆ. ಎರಡು ಬೆರಳು ಅಗಲಿಸಿದರೆ ಚಿತ್ರ ದೊಡ್ಡದಾಗುತ್ತದೆ. ಹೇಳಿಕೊಡದೆಯೇ ಸಣ್ಣ ಮಗುವೂ ನಡೆಸಬಹುದು. ಕೊನೆಗೆ ಜಗತ್ತು ಹಿಡಿದದ್ದು ಈ ದಾರಿಯನ್ನೇ. 2008ರಲ್ಲಿ ಬಂದ ಆಂಡ್ರಾಯ್ಡ್ ಫೋನುಗಳೂ ಇದೇ ದಾರಿಯಲ್ಲಿ ನಡೆದವು. 2011ರ ಫೆಬ್ರುವರಿಯಲ್ಲಿ ನೋಕಿಯಾ ಸಿಂಬಿಯನ್ ಬಿಟ್ಟು ಮೈಕ್ರೋಸಾಫ್ಟ್ ತಂತ್ರಾಂಶ ಹಿಡಿಯುವುದಾಗಿ ಪ್ರಕಟಿಸಿತು. 2014ರ ಏಪ್ರಿಲ್‌ನಲ್ಲಿ ಅದರ ಮೊಬೈಲ್ ತಯಾರಿಕೆಯ ವಿಭಾಗವೇ ಮೈಕ್ರೋಸಾಫ್ಟ್ ಪಾಲಾಯಿತು. ಅದಕ್ಕೆ ಕಾರಣಗಳು ಹಲವು. ಆದರೂ ಒಂದು ಮಾತು ನಿಜ: ಸೌಕರ್ಯ ಇರುವುದು ಬೇರೆ, ಅದು ಸುಲಭವಾಗಿ ಕೈಗೆ ಒದಗುವುದು ಬೇರೆ.

ನಿಮ್ಮ ಪಹಣಿಗೂ ಇದಕ್ಕೂ ಸಂಬಂಧ

ಹಾಗಾದರೆ ಎನ್-95 ವ್ಯರ್ಥವೇ? ಅಲ್ಲ. ಕ್ಯಾಮೆರಾ, ಜಿಪಿಎಸ್, ಅಂತರ್ಜಾಲ ಮೂರನ್ನೂ ಒಂದೇ ಒಡಲಿನಲ್ಲಿ ಕೂಡಿಸಿ ಜನರ ಕೈಗೆ ಕೊಟ್ಟ ಮೊದಲ ಸಾಲಿನ ಫೋನುಗಳಲ್ಲಿ ಅದು ಒಂದು. ಇಂದು ಈ ಮೂರರ ಕೂಟ ರೈತನ ಬದುಕಿಗೇ ತಗುಲಿಕೊಂಡಿದೆ.

2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ ರೈತರೇ ತಮ್ಮ ಬೆಳೆಯ ಸಮೀಕ್ಷೆ ಮಾಡುವ ಮೊಬೈಲ್ ಆ್ಯಪ್ ಹೊರತಂದಿತು. ಸರ್ವೆ ನಂಬರಿನ ಒಳಗೆ ನಿಂತು ಬೆಳೆಯ ಫೋಟೋ ತೆಗೆಯಬೇಕು. ನೀವು ಆ ಜಮೀನಿನಲ್ಲೇ ನಿಂತಿದ್ದೀರಾ ಎಂದು ಜಿಪಿಎಸ್ ಹೇಳುತ್ತದೆ. ಏನು ಬೆಳೆದಿದ್ದೀರಿ ಎಂದು ಕ್ಯಾಮೆರಾ ತೋರಿಸುತ್ತದೆ. ಅಂತರ್ಜಾಲ ಅದನ್ನು ಕಚೇರಿಗೆ ಮುಟ್ಟಿಸುತ್ತದೆ. ಪಹಣಿಯ ಬೆಳೆ ಕಾಲಂ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆ ಹಾನಿ ಪರಿಹಾರ ಇವಕ್ಕೆಲ್ಲ ಈ ಮಾಹಿತಿಯೇ ಆಧಾರ. ರಾಗಿ ಬೆಳೆದವನ ಹೊಲ ದಾಖಲೆಯಲ್ಲಿ ಪಾಳು ಎಂದು ಬಿದ್ದರೆ ಆಗುವ ತೊಂದರೆ ನಿಮಗೆ ಹೇಳಬೇಕಾಗಿಲ್ಲ.

ಆದ್ದರಿಂದ ಎನ್-95 ಬಳಸಿದವರು ಕಲಿತ ಪಾಠ ನಿಮಗೂ ಉಪಯೋಗ. ಜಿಪಿಎಸ್ ಹಾಕಿದ ಕೂಡಲೇ ಫೋಟೋ ತೆಗೆಯಬೇಡಿ. ಬಯಲಿನಲ್ಲಿ ಸ್ವಲ್ಪ ಹೊತ್ತು ನಿಂತು ಜಾಗ ಸರಿಯಾಗಿ ಗೊತ್ತಾಗಲು ಬಿಡಿ. ಅಡಿಕೆ, ತೆಂಗಿನ ದಟ್ಟ ನೆರಳಿನಲ್ಲಿ ಉಪಗ್ರಹದ ಸಂಕೇತ ದುರ್ಬಲವಾಗುತ್ತದೆ. ಅದೇ ತೋಟದಲ್ಲಿ ಆಕಾಶ ಕಾಣುವ ತೆರವು ಹುಡುಕಿ ನಿಲ್ಲಿ. ಕ್ಯಾಮೆರಾದ ಗಾಜನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಸೂರ್ಯ ನಿಮ್ಮ ಬೆನ್ನಿಗಿರಲಿ.

ರೋಗದ ಫೋಟೋವನ್ನು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸುವುದಾದರೆ ಒಂದೇ ಚಿತ್ರ ಸಾಲದು. ಇಡೀ ತಾಕಿನದೊಂದು, ಒಂದು ಗಿಡದ್ದೊಂದು, ರೋಗ ತಗುಲಿದ ಎಲೆಯ ಮೇಲ್ಭಾಗ ಮತ್ತು ಕೆಳಭಾಗದ ಒಂದೊಂದು ಹೀಗೆ ನಾಲ್ಕು ತೆಗೆಯಿರಿ.

ಸ್ಮಾರ್ಟ್‌ಫೋನ್ ಇಲ್ಲದವರು ಕುಗ್ಗಬೇಕಾಗಿಲ್ಲ. ಕೇಂದ್ರ ಸರ್ಕಾರ 2004ರಲ್ಲಿ ಆರಂಭಿಸಿದ ಕಿಸಾನ್ ಕಾಲ್ ಸೆಂಟರಿಗೆ, 1800-180-1551ಕ್ಕೆ, ಯಾವ ಸಾದಾ ಫೋನಿನಿಂದಲಾದರೂ ಹಣವಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು.

ಕೊಳ್ಳುವಾಗ ಕೇಳಬೇಕಾದ್ದು

ಮುಂದಿನ ಸಲ ಅಂಗಡಿಗೆ ಹೋದಾಗ ಈ ಐದನ್ನು ಪರೀಕ್ಷೆ ಮಾಡಿ.

1. ಫೋನನ್ನು ಅಂಗಡಿಯ ಹೊರಗೆ ಬಿಸಿಲಿಗೆ ತಂದು ನೋಡಿ. ಒಳಗೆ ಹೊಳೆಯುವ ಪರದೆ ಬಿಸಿಲಿನಲ್ಲಿ ಮಸುಕಾದೀತು.

2. ಬ್ಯಾಟರಿಯ ಎಂಎಎಚ್ ಕೇಳಿ. ಸಂಖ್ಯೆ ಒಂದನ್ನೇ ನಂಬದೆ, ಅದೇ ಮಾದರಿ ಇಟ್ಟುಕೊಂಡ ನೆರೆಯವರನ್ನು “ದಿನದ ಕೊನೆಗೆ ಎಷ್ಟು ಉಳಿಯುತ್ತದೆ?” ಎಂದು ವಿಚಾರಿಸಿ.

3. ನಿಮ್ಮ ಊರಿನಲ್ಲಿ ಯಾವ ಕಂಪನಿಯ ಟವರ್, ಯಾವ ಜಾಲ ಸಿಗುತ್ತದೆ ಎಂದು ಮೊದಲು ತಿಳಿಯಿರಿ. ಊರಿಗೆ ಬಾರದ ಜಾಲಕ್ಕೆ ಹೆಚ್ಚು ಹಣ ಕೊಡಬೇಡಿ.

4. ಅಂಗಡಿಯಲ್ಲೇ ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಓದಿ ನೋಡಿ. ಸಾದಾ ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡದ್ದು 70 ಮಾತ್ರ. ಅದರಲ್ಲೂ ‘ಕೃಷಿ’ ಎಂಬ ಎರಡಕ್ಷರ ಲೆಕ್ಕಕ್ಕೆ ನಾಲ್ಕಾಗುತ್ತದೆ. ಗುಣಿತದ ಚಿಹ್ನೆಯನ್ನೂ ಬೇರೆಯಾಗಿ ಎಣಿಸುತ್ತಾರೆ. ಉದ್ದದ ಸಂದೇಶ ಎರಡು ಮೂರಾಗಿ ಒಡೆಯುವುದು ಇದರಿಂದಲೇ.

5. ಮನೆಯಲ್ಲಿ ಅದನ್ನು ಬಳಸುವವರು ಯಾರೋ ಅವರ ಕೈಗೇ ಕೊಟ್ಟು ನೋಡಿ. ನಿಮ್ಮ ತಾಯಿಯೋ ಹೆಂಡತಿಯೋ ಯಾರ ಸಹಾಯವೂ ಇಲ್ಲದೆ ಒಂದು ಕರೆ ಮಾಡಿ, ಒಂದು ಫೋಟೋ ತೆಗೆಯಲು ಆದರೆ ಆ ಫೋನು ನಿಮ್ಮ ಮನೆಗೆ ಹೊಂದುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಪೆಟ್ಟಿಗೆಯಲ್ಲಿ ಹಳೆಯ ಫೋನು ಬಿದ್ದಿದ್ದರೆ ತೆಗೆದು ನೋಡಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ. ಚುಚ್ಚಬೇಡಿ, ಒಲೆಗೆ, ತಿಪ್ಪೆಗೆ ಎಸೆಯಬೇಡಿ. ಬೆಂಕಿ ಹತ್ತುವ ಅಪಾಯವಿದೆ. ಅದರೊಳಗಿನ ವಿಷ ಗೊಬ್ಬರದ ಜೊತೆ ಹೊಲ ಸೇರೀತು. ಹಳೆಯ ವಿದ್ಯುನ್ಮಾನ ಸಾಮಾನು ಸಂಗ್ರಹಿಸುವವರಿಗೆ ಕೊಡಿ. ಕೆಟ್ಟಿಲ್ಲದ ಹಳೆಯ ಫೋನಿಗೆ 2ಜಿ, 3ಜಿ ನಡೆಸದ ಕಂಪನಿಯ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ. ಅದು ಫೋನಿನ ದೋಷವಲ್ಲ, ಹಳೆಯ ರಸ್ತೆ ಆ ಕಂಪನಿಯಲ್ಲಿ ಇಲ್ಲ.

ಈ ಐದು ಪರೀಕ್ಷೆಗಳನ್ನು ವಾಚನಾಲಯಕ್ಕೆ ಬರುವ ನಾಲ್ಕು ಜನರಿಗೆ ಓದಿ ಹೇಳಿ. ಸುಗ್ಗಿ ಮುಗಿದು ಕೈಗೆ ಹಣ ಬಂದಾಗ ಪೇಟೆಗೆ ಹೊರಡುವ ಮಗನಿಗೂ ಹೇಳಿ. ಎತ್ತು ಕೊಳ್ಳುವಾಗ ಇರುವ ನಿಮ್ಮ ಕಣ್ಣು ಮೊಬೈಲ್ ಕೊಳ್ಳುವಾಗಲೂ ಇರಲಿ.